ಅಂದಗೆಟ್ಟ ಹಣ್ಣು ಅಗ್ಗದ ಹಣ್ಣಲ್ಲ

ಮಾರುಕಟ್ಟೆ ಬೇಡವೆಂದ ಹಣ್ಣನ್ನು ಕೊಂಡು, ಅದರಿಂದ ಆರೋಗ್ಯಕರ ತಿನಿಸು ಮಾಡಿ ಮಾರುವುದು ನನ್ನ ಉದ್ದಿಮೆ ಎಂದು ಹೇಳಿದಾಗ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ ಒಂದೇ: ಕಚ್ಚಾ ಸಾಮಗ್ರಿ ಅಷ್ಟು ಅಗ್ಗವಾಗಿ ಸಿಗುವಾಗ ಲಾಭಕ್ಕೇನು ಕೊರತೆ? ಕಾಗದದ ಮೇಲೆ ಈ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಒಂದು ಹಣ್ಣು ಏಕೆ ತಿರಸ್ಕೃತವಾಯಿತು ಎಂಬುದನ್ನು ಹತ್ತಿರದಿಂದ ನೋಡುತ್ತಾ ಹೋದಂತೆ ನನಗೆ ಮನವರಿಕೆಯಾಗಿರುವುದು ಬೇರೆಯೇ ಸಂಗತಿ. ಕೊಳ್ಳುವಾಗ ಉಳಿಸಿದ ಹಣ ಕೊನೆಯವರೆಗೂ ಉಳಿಯುವುದಿಲ್ಲ. ವಿಂಗಡಣೆಯ ಮೇಜಿನ ಬಳಿ ನಿಂತವರ ಹೊತ್ತಿಗೆ, ಚಾಕು ಹಿಡಿದ ಕೈಗಳ ಕೂಲಿಗೆ, ಹಣ್ಣು ಒಣಗಿಸುವ ಡ್ರೈಯರ್ ಉರಿಯುವ ಗಂಟೆಗಳಿಗೆ ಅದು ಹಂಚಿಹೋಗುತ್ತದೆ. ಪ್ರತಿ ಹಣ್ಣಿನ ಕುಂದು ಯಾವ ಬಗೆಯದು, ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ತ್ವರಿತವಾಗಿಯೂ ಸರಿಯಾಗಿಯೂ ಓದಬಲ್ಲ ಘಟಕಕ್ಕೆ ಮಾತ್ರ ಈ ಉದ್ದಿಮೆ ದಕ್ಕುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ವಿಷಯದ ಹರವನ್ನು ಹೇಳಿಬಿಡುತ್ತೇನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2019ರಲ್ಲಿ ಕೊಟ್ಟ ಅಂದಾಜಿನಂತೆ, ಜಗತ್ತಿನಲ್ಲಿ ಬೆಳೆದ ಆಹಾರದಲ್ಲಿ ಬೆಲೆಯ ಲೆಕ್ಕಕ್ಕೆ ಸುಮಾರು ಶೇ. 14ರಷ್ಟು ಕೊಯ್ಲಿನ ನಂತರ, ಚಿಲ್ಲರೆ ಅಂಗಡಿಯನ್ನು ತಲುಪುವ ಮೊದಲೇ ನಷ್ಟವಾಗುತ್ತದೆ. ಅಂಗಡಿ, ಹೋಟೆಲು ಮತ್ತು ಮನೆಗಳಲ್ಲಿ ಆಗುವ ಪೋಲು ಈ ಲೆಕ್ಕದಲ್ಲಿ ಸೇರಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರ ವರದಿಯಲ್ಲಿ ಅದನ್ನು 2022ನೇ ವರ್ಷಕ್ಕೆ 105 ಕೋಟಿ ಟನ್ ಎಂದು ಅಂದಾಜಿಸಿತು. 2015ರಲ್ಲಿ ರಾಷ್ಟ್ರಗಳು ಒಪ್ಪಿಕೊಂಡ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 12.3ನೆಯದು, ಅಂಗಡಿ ಮತ್ತು ಗ್ರಾಹಕರ ಮಟ್ಟದ ತಲಾ ಆಹಾರ ಪೋಲನ್ನು 2030ರೊಳಗೆ ಅರ್ಧಕ್ಕೆ ಇಳಿಸಬೇಕೆಂದೂ ಅದಕ್ಕೂ ಮೊದಲಿನ ಹಂತಗಳ ನಷ್ಟವನ್ನು ತಗ್ಗಿಸಬೇಕೆಂದೂ ಹೇಳುತ್ತದೆ. ಇಂಥ ಅಂಕಿಗಳನ್ನು ನಮ್ಮಂಥ ಉದ್ದಿಮೆಗಳು ಪ್ಯಾಕೆಟ್ಟಿನ ಹಿಂಬದಿಯಲ್ಲಿ ಅಚ್ಚು ಹಾಕಿಸುವುದುಂಟು. ನನಗೆ ಅದು ಸರಿಕಾಣುವುದಿಲ್ಲ, ಏಕೆಂದರೆ ಆ ಬೃಹತ್ ಮೊತ್ತದಲ್ಲಿ ಶೀತಲಗೃಹವಿಲ್ಲದೆ ಕೊಳೆತದ್ದು, ಸಾಗಣೆಯಲ್ಲಿ ಜಜ್ಜಿದ್ದು, ಬೆಲೆ ಕುಸಿದು ಕೊಯ್ಲಿನ ಕೂಲಿಯೂ ಹುಟ್ಟದೆ ಹೋದದ್ದು, ಮನೆಯ ಫ್ರಿಜ್ಜಿನಲ್ಲಿ ಮರೆತುಹೋದದ್ದು ಎಲ್ಲವೂ ಸೇರಿದೆ. ನೋಟ ಸರಿಯಿಲ್ಲವೆಂಬ ಕಾರಣಕ್ಕೆ ಹೊರಬಿದ್ದ ಹಣ್ಣು ಅದರಲ್ಲಿ ಒಂದು ಪಾಲು ಮಾತ್ರ, ನಮ್ಮ ಕೈಗೆಟಕುವುದೂ ಆ ಪಾಲು ಮಾತ್ರ.

ನೋಟದ ಕಾರಣಕ್ಕೆ ಹಣ್ಣು ಹೇಗೆ ಹೊರಬೀಳುತ್ತದೆ ಎಂದು ತಿಳಿಯಲು ದರ್ಜೆಗಳ ವ್ಯವಸ್ಥೆಯನ್ನು ನೋಡಬೇಕು. ಯುರೋಪಿನಲ್ಲಿ 1988ರ ನಿಯಮವೊಂದು, ಮೇಲಿನ ದರ್ಜೆಯ ಸೌತೆಕಾಯಿಯ ಬಾಗು ಪ್ರತಿ 10 ಸೆಂಟಿಮೀಟರ್ ಉದ್ದಕ್ಕೆ 10 ಮಿಲಿಮೀಟರ್ ಮೀರಬಾರದೆಂದು ವಿಧಿಸಿತ್ತು. 2009ರ ಜುಲೈನಿಂದ ಯುರೋಪಿಯನ್ ಒಕ್ಕೂಟವು 26 ಬಗೆಯ ಹಣ್ಣು ತರಕಾರಿಗಳಿಗಿದ್ದ ಇಂಥ ಪ್ರತ್ಯೇಕ ಮಾನದಂಡಗಳನ್ನು ಕೈಬಿಟ್ಟಿತು; ಆದರೆ ಸೇಬು, ಪೇರ್, ದ್ರಾಕ್ಷಿ, ಸ್ಟ್ರಾಬೆರಿ, ಪೀಚ್, ಕಿವಿ ಮತ್ತು ಕಿತ್ತಳೆ ಜಾತಿಯ ಹಣ್ಣುಗಳೂ ಸೇರಿದಂತೆ ಹೆಚ್ಚು ವಹಿವಾಟಾಗುವ 10 ಬಗೆಗಳಿಗೆ ಅವು ಉಳಿದುಕೊಂಡವು. ಕಾನೂನು ಸಡಿಲವಾದಲ್ಲಿಯೂ ದೊಡ್ಡ ಖರೀದಿದಾರರ ಸ್ವಂತ ಅಳತೆಗಳು ಸಡಿಲವಾಗಬೇಕೆಂದೇನೂ ಇಲ್ಲ. ದರ್ಜೆಗಳನ್ನು ಬೈಯುವುದು ಸುಲಭ. ನಾನು ಅವುಗಳನ್ನು ಪೂರ್ತಿಯಾಗಿ ಬೈಯಲಾರೆ. ದೂರದಲ್ಲಿರುವ ಖರೀದಿದಾರನು ಸರಕನ್ನು ಕಣ್ಣಾರೆ ನೋಡದೆಯೇ ಬೆಲೆ ಒಪ್ಪಿಕೊಳ್ಳಲು ಸಾಧ್ಯವಾಗುವುದು ದರ್ಜೆ ಇರುವುದರಿಂದ. ಒಂದೇ ಗಾತ್ರದ ಹಣ್ಣು ಪೆಟ್ಟಿಗೆಯಲ್ಲಿ ಅಲುಗಾಡದೆ ಕೂರುತ್ತದೆ, ಹಾಗಾಗಿ ದಾರಿಯಲ್ಲಿ ಕಡಿಮೆ ಜಜ್ಜುತ್ತದೆ. ದರ್ಜೆಯ ಕೆಳಗೆ ಬಿದ್ದ ಹಣ್ಣಿಗೆ ಗೌರವದ ಇನ್ನೊಂದು ದಾರಿ ಇಲ್ಲದಿರುವುದೇ ನಿಜವಾದ ಕೊರತೆ ಎಂದು ನನಗನ್ನಿಸುತ್ತದೆ.

ಈಗ ಮೇಜಿನ ಬಳಿಗೆ ಬರೋಣ. ಹೊರಬಿದ್ದ ಹಣ್ಣಿನ ಕ್ರೇಟೊಂದನ್ನು ಅದರ ಮೇಲೆ ಸುರಿದಾಗ ಕಣ್ಣಿಗೆ ಬೀಳುವುದು ಒಂದೇ ಬಗೆಯ ಕುಂದಲ್ಲ. ಕೆಲವು ಹಣ್ಣುಗಳು ಗಾತ್ರದಲ್ಲಿ ಚಿಕ್ಕವು ಇಲ್ಲವೇ ಆಕಾರದಲ್ಲಿ ಸೊಟ್ಟ. ಪರಾಗಸ್ಪರ್ಶ ಸರಿಯಾಗಿ ಆಗದೆ ಒಂದು ಪಾರ್ಶ್ವದ ಬೀಜಗಳು ಬೆಳೆಯದಿದ್ದರೆ ಸೇಬು ಆ ಕಡೆಗೆ ಕುಗ್ಗಿಕೊಂಡಿರುತ್ತದೆ. ಕೆಲವಕ್ಕೆ ಸಿಪ್ಪೆಯ ಮೇಲೆ ಕಲೆ: ಕೊಂಬೆ ಉಜ್ಜಿದ ಗೆರೆ, ಬಿಸಿಲಿಗೆ ಸುಟ್ಟ ಕಂದು ಪಟ್ಟೆ, ಕಾಯಿಯಾಗಿದ್ದಾಗಲೇ ಬಿದ್ದ ಆಲಿಕಲ್ಲಿನ ಪೆಟ್ಟು ಒಣಗಿ ಬೆಂಡಿನಂತಾದ ಗುರುತು. ಈ ಎರಡೂ ಬಗೆಗಳಲ್ಲಿ ತಿರುಳಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಅವು ನಮ್ಮ ಪಾಲಿನ ಅತ್ಯುತ್ತಮ ಹಣ್ಣುಗಳು, ಎಷ್ಟೋ ಸಲ ಅಂಗಡಿಯ ಮೊದಲ ದರ್ಜೆಗೂ ರುಚಿಯಲ್ಲಿ ಸಮನಾದವು. ಮೂರನೆಯ ಬಗೆಯದು ಜಜ್ಜಿದ ಹಣ್ಣು. ಅದರ ತಿರುಳಿನ ಜೀವಕೋಶಗಳು ಒಡೆದಿರುತ್ತವೆ, ಆದರೆ ಸಿಪ್ಪೆ ಹರಿದಿರದಿದ್ದರೆ ಒಂದೆರಡು ದಿನ ಅದು ತಿನ್ನಲು ಯೋಗ್ಯ. ಆಮೇಲಿನದು ಅತಿಯಾಗಿ ಮಾಗಿದ ಹಣ್ಣು, ಇದನ್ನು ಗಂಟೆಗಳ ಲೆಕ್ಕದಲ್ಲಿ ಬಳಸಿಬಿಡಬೇಕು. ಕೊನೆಯದಾಗಿ ಬರುವುದು ಹುಳ ಕೊರೆದ, ಬೂಷ್ಟು ಹಿಡಿದ, ಕೊಳೆಯಲು ತೊಡಗಿದ ಹಣ್ಣು. ಇದನ್ನು ಮಾತ್ರ ನಾವು ಮುಟ್ಟುವುದಿಲ್ಲ.

ಕೊನೆಯ ಈ ಗೆರೆಯ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಈ ಉದ್ದಿಮೆಯ ಅತಿ ದೊಡ್ಡ ಅಪಾಯ ಇರುವುದು ಅಲ್ಲಿಯೇ. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸಬಹುದಲ್ಲವೇ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುತ್ತಾರೆ, ಕೇಳುವುದು ಸಹಜವೂ ಹೌದು. ಸೇಬಿನ ಕೊಳೆಗೆ ಕಾರಣವಾಗುವ ಪೆನಿಸಿಲಿಯಮ್ ಎಕ್ಸ್‌ಪಾನ್ಸಮ್ ಎಂಬ ಶಿಲೀಂಧ್ರವು ಪ್ಯಾಟ್ಯುಲಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಕಣ್ಣಿಗೆ ಕಾಣುವ ಕೊಳೆಯ ಆಚೆಗೂ ಈ ವಿಷ ತಿರುಳಿಗೆ ಹರಡಿರಬಹುದು; ರಸವನ್ನು ಪಾಶ್ಚರೀಕರಿಸುವಷ್ಟು ಶಾಖದಿಂದ ಅದು ನಾಶವಾಗುವುದಿಲ್ಲ. ಅಂತಾರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗವು ಸೇಬಿನ ರಸದಲ್ಲಿ ಅದರ ಮಿತಿಯನ್ನು ಕಿಲೋಗ್ರಾಮಿಗೆ 50 ಮೈಕ್ರೋಗ್ರಾಂ ಎಂದು ಗೊತ್ತುಮಾಡಿದೆ. ಯುರೋಪಿಯನ್ ಒಕ್ಕೂಟದಲ್ಲಿ ಸೇಬನ್ನು ನುಣ್ಣಗೆ ಅರೆದ ಪ್ಯೂರಿಯಂಥ ಘನ ತಿನಿಸುಗಳಿಗೆ ಮಿತಿ 25, ಶಿಶುಗಳ ಆಹಾರಕ್ಕೆ 10. ಇಷ್ಟು ಸೂಕ್ಷ್ಮ ಪ್ರಮಾಣವನ್ನು ನಾಲಿಗೆಯಾಗಲಿ ಮೂಗಾಗಲಿ ಕಂಡುಹಿಡಿಯಲಾರದು. ಹಣ್ಣನ್ನು ಉಳಿಸಬೇಕೆಂಬ ಹಂಬಲವೇ ಇಲ್ಲಿ ಕೈಯನ್ನು ಹಿಡಿದೆಳೆಯುತ್ತದೆ: ಇಷ್ಟು ಚೆನ್ನಾದ ಹಣ್ಣನ್ನು ಒಂದು ಸಣ್ಣ ಮೆತ್ತನೆಯ ಮಚ್ಚೆಗಾಗಿ ಎಸೆಯಬೇಕೇ ಎಂದು ಮನಸ್ಸು ಒಪ್ಪುವುದಿಲ್ಲ. ಎಸೆಯಬೇಕು. ಪೋಲು ತಡೆಯುವುದು ನಮ್ಮ ಉದ್ದೇಶವಾದರೂ, ವಿಂಗಡಣೆಯ ಮೇಜಿನ ಬಳಿ ನಿಂತವರಿಗೆ ಎಸೆಯುವ ಅಧಿಕಾರ ಪೂರ್ತಿಯಾಗಿ ಇರಬೇಕು. ಎಷ್ಟು ಎಸೆದಿರಿ ಎಂದು ಅವರನ್ನು ಯಾರೂ ಗದರಬಾರದು. ದಿನದ ಕೊನೆಯಲ್ಲಿ ಎಸೆದ ತೂಕವನ್ನು ಬರೆದಿಡುವುದು ತೋಟದವರೊಂದಿಗೆ ಮಾತನಾಡಲಿಕ್ಕಾಗಿ, ಕೆಲಸಗಾರರನ್ನು ತೂಗಲಿಕ್ಕಾಗಿ ಅಲ್ಲ.

ಮೊದಲ ನಾಲ್ಕು ಬಗೆಗಳೂ ಬೇರೆ ಬೇರೆ ತಿನಿಸನ್ನು ಬೇಡುತ್ತವೆ. ಗಟ್ಟಿಯಾಗಿದ್ದು ನೋಟ ಮಾತ್ರ ಕೆಟ್ಟಿರುವುದನ್ನು ಬಿಲ್ಲೆಗಳಾಗಿ ಕತ್ತರಿಸಿ ಗರಿಗರಿಯಾಗಿ ಒಣಗಿಸಬಹುದು. ಜಜ್ಜಿದ್ದನ್ನು ಹೆಚ್ಚಿ, ಕಂದಾದ ಭಾಗ ತೆಗೆದು ಹೋಳುಗಳಾಗಿ ಒಣಗಿಸಬಹುದು. ಅತಿಯಾಗಿ ಮಾಗಿದ್ದು ಬಿಲ್ಲೆಗೆ ನಿಲ್ಲುವುದಿಲ್ಲ. ಅದನ್ನು ಅರೆದು, ಟ್ರೇಗಳಲ್ಲಿ ತೆಳ್ಳಗೆ ಹರಡಿ, ಹಣ್ಣಿನ ಹಾಳೆ ಮಾಡಬೇಕು. ಬಾಳೆಹಣ್ಣು ಇದಕ್ಕೆ ಒಳ್ಳೆಯ ಉದಾಹರಣೆ. ಕಾಯಿಯಾಗಿದ್ದಾಗ ಅದರ ತಿರುಳಿನ ಐದರಲ್ಲೊಂದು ಭಾಗದಷ್ಟು ಪಿಷ್ಟವಿರುತ್ತದೆ. ಪೂರ್ತಿ ಮಾಗುವ ಹೊತ್ತಿಗೆ ಅದರಲ್ಲಿ ಬಹುಪಾಲು ಸಕ್ಕರೆಯಾಗಿ ಬದಲಾಗಿರುತ್ತದೆ. ಪಿಷ್ಟವಿದ್ದಾಗ ಚಿಪ್ಸ್ ಗರಿಗರಿಯಾಗಿ ಉಳಿಯುತ್ತದೆ, ಸಕ್ಕರೆಯಾದ ಮೇಲೆ ಅದೇ ಬಿಲ್ಲೆ ಗಾಳಿಯ ತೇವವನ್ನು ಹೀರಿಕೊಂಡು ಮೆತ್ತಗಾಗುತ್ತದೆ. ಹಾಳೆಗೆ ಮಾಗಿದ ಹಣ್ಣೇ ಬೇಕು, ಆದರೆ ಮಿತಿಮೀರಿ ಮಾಗಿದಾಗ ತಿರುಳನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಎಂಬ ಅಂಶ ಒಡೆದುಹೋಗಿ ಹಾಳೆ ಅಂಟಂಟಾಗುತ್ತದೆ. ಆಗ ಸ್ವಲ್ಪ ದೋರೆಯಾದ ಹಣ್ಣನ್ನು ಬೆರೆಸಿ ಹದ ತರಬೇಕಾಗುತ್ತದೆ. ಒಂದೇ ಬಗೆಯ ತಿನಿಸನ್ನು ಮಾತ್ರ ಮಾಡುತ್ತೇನೆಂದು ಹೊರಟವರು ಈ ಉದ್ದಿಮೆಯಲ್ಲಿ ತಮ್ಮದೇ ಆದ ಹೊಸ ದರ್ಜೆಯೊಂದನ್ನು ಹುಟ್ಟುಹಾಕುತ್ತಾರೆ, ಉಳಿದ ಹಣ್ಣನ್ನು ಮತ್ತೆ ಹೊರಗೆ ತಳ್ಳುತ್ತಾರೆ. ತಿನಿಸಿನ ಪಟ್ಟಿಯನ್ನು ಮೊದಲು ಬರೆದು ಹಣ್ಣನ್ನು ಹುಡುಕುವುದಕ್ಕಿಂತ, ಬರುವ ಹಣ್ಣಿನ ಕುಂದುಗಳನ್ನು ಒಂದು ಸುಗ್ಗಿಯವರೆಗಾದರೂ ಗಮನಿಸಿ ಆಮೇಲೆ ತಿನಿಸನ್ನು ನಿರ್ಧರಿಸುವುದು ಲೇಸು.

ಲೆಕ್ಕಕ್ಕೆ ಸೇಬನ್ನೇ ತೆಗೆದುಕೊಳ್ಳುತ್ತೇನೆ. ಸೇಬಿನ ತಿರುಳಿನಲ್ಲಿ ಸುಮಾರು ಶೇ. 85 ನೀರು. 100 ಕಿಲೋ ಹಣ್ಣಿನಲ್ಲಿ ಸಿಪ್ಪೆ, ಬೀಜದ ಗೂಡು, ತೊಟ್ಟು ಸೇರಿ ಕಾಲು ಭಾಗ ಹೋಯಿತೆಂದರೆ 75 ಕಿಲೋ ತಿರುಳು ಉಳಿಯುತ್ತದೆ, ಅದರಲ್ಲಿ ನೀರಲ್ಲದ ಭಾಗ 11 ಕಿಲೋ ಚಿಲ್ಲರೆ. ಶೇ. 20 ತೇವಾಂಶ ಉಳಿಯುವಂತೆ ಮೆತ್ತಗೆ ಒಣಗಿಸಿದರೆ ಕೈಗೆ ಬರುವುದು ಸುಮಾರು 14 ಕಿಲೋ. ಗರಿಗರಿಯಾಗಿಸಿದರೆ 12 ಕಿಲೋಗಿಂತ ಕಡಿಮೆ. ಜಜ್ಜಿದ ಹಣ್ಣಿನಲ್ಲಿ ಕತ್ತರಿಸಿ ತೆಗೆಯುವ ಭಾಗ ಕಾಲಿನಿಂದ ಶೇ. 35ಕ್ಕೆ ಏರಿತೆನ್ನಿ. ಆಗ ಮೆತ್ತನೆಯ ಹೋಳು 14ರಿಂದ ಸುಮಾರು 12 ಕಿಲೋಗೆ ಇಳಿಯುತ್ತದೆ, ಮತ್ತು ಅಷ್ಟನ್ನು ಪಡೆಯಲು ಕೈಕೆಲಸದ ಹೊತ್ತು ಹೆಚ್ಚಾಗಿರುತ್ತದೆ. ಸಿಪ್ಪೆ ಹೆರೆಯುವ, ಗೂಡು ತೆಗೆಯುವ ಯಂತ್ರಗಳೆಲ್ಲ ದುಂಡಗಿನ, ಸಮಗಾತ್ರದ ಹಣ್ಣಿಗಾಗಿ ಮಾಡಿದವು; ಸೊಟ್ಟ ಸೇಬನ್ನು ಅವುಗಳಿಗೆ ಕೊಟ್ಟರೆ ಒಂದು ಕಡೆ ಸಿಪ್ಪೆ ಉಳಿಯುತ್ತದೆ, ಇನ್ನೊಂದು ಕಡೆ ತಿರುಳೇ ಹೋಗುತ್ತದೆ, ಗೂಡು ಅರ್ಧಂಬರ್ಧ ಒಳಗೇ ಕೂತಿರುತ್ತದೆ. ಹೀಗಾಗಿ ಅಗ್ಗದ ಹಣ್ಣಿನ ಅಗ್ಗತನ ಎಲ್ಲಿ ಕರಗಿತು ಎಂದು ಯಾರಾದರೂ ಕೇಳಿದರೆ ನಾನು ಕತ್ತರಿಸುವ ಕೋಣೆಯನ್ನು ತೋರಿಸುತ್ತೇನೆ.

ಒಣಗಿಸುವ ಕೆಲಸಕ್ಕೆ ತನ್ನದೇ ಆದ ನ್ಯಾಯವಿದೆ. ಒಂದು ಕಿಲೋ ನೀರನ್ನು ಆವಿ ಮಾಡಲು ಕನಿಷ್ಠವೆಂದರೂ ಸುಮಾರು 0.65 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಇದು ಪ್ರಕೃತಿಯ ಕಟ್ಟಳೆ, ಯಾವ ಯಂತ್ರ ತಯಾರಕರೂ ಇದನ್ನು ತಪ್ಪಿಸಲಾರರು. ಮೇಲಿನ ಲೆಕ್ಕದ 75 ಕಿಲೋ ತಿರುಳಿನಿಂದ 61 ಕಿಲೋ ನೀರು ಹೋಗಬೇಕೆಂದರೆ 40 ಯೂನಿಟ್ಟಿನಷ್ಟು ಶಾಖ ಬೇಕೇ ಬೇಕು. ಸಾಮಾನ್ಯ ಬಿಸಿಗಾಳಿಯ ಡ್ರೈಯರ್ ಹೊರಬಿಡುವ ಗಾಳಿಯೊಡನೆ ಬಹಳಷ್ಟು ಶಾಖವನ್ನೂ ಹೊರಹಾಕುವುದರಿಂದ ಖರ್ಚು ಅದಕ್ಕಿಂತ ಗಣನೀಯವಾಗಿ ಹೆಚ್ಚುತ್ತದೆ. ಹೊರಹೋಗುವ ಶಾಖವನ್ನು ಮತ್ತೆ ಹಿಡಿದು ಬಳಸುವ ಹೀಟ್ ಪಂಪ್ ಡ್ರೈಯರ್‌ಗಳು ದುಬಾರಿಯಾದರೂ ಒಲವು ಅವುಗಳ ಕಡೆಗೇ ಹೋಗುತ್ತಿರುವುದಕ್ಕೆ ಕಾರಣ ಇದು. ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವ ವಿಧಾನದಿಂದ ಬಣ್ಣ, ಆಕಾರ, ಪರಿಮಳ ಎಲ್ಲವೂ ಸೊಗಸಾಗಿ ಉಳಿಯುತ್ತವೆ. ಆದರೆ ಯಂತ್ರದ ಬಂಡವಾಳವೂ ಶಕ್ತಿಯ ಖರ್ಚೂ ಬಿಸಿಗಾಳಿಗಿಂತ ಬಹಳ ಹೆಚ್ಚು, ಸಣ್ಣ ಘಟಕವೊಂದು ಅದರಿಂದ ಶುರುಮಾಡುವುದು ನನಗೆ ಜಾಣತನವಾಗಿ ಕಾಣುವುದಿಲ್ಲ.

ಬಿಲ್ಲೆಯ ದಪ್ಪ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಹಣ್ಣಿನ ಮೇಲ್ಮೈ ಒಣಗಿದ ಮೇಲೆ ಒಳಗಿನ ನೀರು ನಿಧಾನವಾಗಿ ಹೊರಕ್ಕೆ ಸರಿಯಬೇಕು, ಆ ಹಂತದಲ್ಲಿ ಹಿಡಿಯುವ ಸಮಯ ಸ್ಥೂಲವಾಗಿ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ದಪ್ಪ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟಾಗುತ್ತದೆ. ಗಾತ್ರ ಗೊತ್ತಿಲ್ಲದ, ಆಕಾರ ಒಂದೇ ಸಮನಿಲ್ಲದ ಹಣ್ಣನ್ನು ಕೈಯಿಂದ ಕತ್ತರಿಸಿದಾಗ ಒಂದೇ ಟ್ರೇಯಲ್ಲಿ ತೆಳ್ಳನೆಯದು ಕರಕಲಾಗುವ ಹೊತ್ತಿಗೂ ದಪ್ಪನೆಯದರ ನಡುವೆ ಹಸಿ ಉಳಿದಿರುತ್ತದೆ. ಬೇಗ ಮುಗಿಸಬೇಕೆಂದು ಆರಂಭದಲ್ಲಿಯೇ ಶಾಖ ಏರಿಸಿದರೆ ಹೊರಪದರ ಬಿರುಸಾಗಿ, ಒಳಗಿನ ನೀರಿಗೆ ದಾರಿ ಮುಚ್ಚಿಹೋಗುತ್ತದೆ. ಮುಟ್ಟಿದರೆ ಒಣಗಿದಂತೆ ತೋರುವ ಅಂಥ ಹೋಳು ಪ್ಯಾಕೆಟ್ಟಿನೊಳಗೆ ಕೂತ ಮೇಲೆ ತೇವ ಬಿಡುತ್ತದೆ, ಬೂಷ್ಟು ಅಲ್ಲಿಂದ ಶುರುವಾಗುತ್ತದೆ. ಆದ್ದರಿಂದಲೇ ಒಣಗಿದ ಹೋಳುಗಳನ್ನು ಕೂಡಲೇ ಪ್ಯಾಕ್ ಮಾಡದೆ, ಮುಚ್ಚಿದ ಡಬ್ಬಿಗಳಲ್ಲಿ ಒಂದು ವಾರ ಕಾಲ ಇಟ್ಟು, ದಿನವೂ ಅಲುಗಾಡಿಸಿ, ತೇವ ಎಲ್ಲ ಹೋಳುಗಳಿಗೂ ಸಮನಾಗಿ ಹಂಚಿಕೊಳ್ಳಲು ಬಿಡಬೇಕು. ಡಬ್ಬಿಯ ಒಳಗೋಡೆಯಲ್ಲಿ ಹನಿ ಕಂಡರೆ ಮತ್ತೆ ಡ್ರೈಯರ್‌ಗೆ ಹಾಕಬೇಕು. ತೇವಾಂಶ ಎಷ್ಟು ಎಂಬುದಷ್ಟೇ ಸಾಲದು, ಸೂಕ್ಷ್ಮಜೀವಿಗಳ ಬಳಕೆಗೆ ಸಿಗುವ ನೀರು ಎಷ್ಟು ಎಂಬುದನ್ನು ಅಳೆಯಬೇಕು. ವಾಟರ್ ಆಕ್ಟಿವಿಟಿ ಎಂದು ಕರೆಯುವ ಈ ಅಳತೆ ಶುದ್ಧ ನೀರಿಗೆ 1. ಅದು 0.85ಕ್ಕಿಂತ ಕೆಳಗಿಳಿದರೆ ರೋಗ ತರುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, 0.6ಕ್ಕಿಂತ ಕೆಳಗೆ ಬೂಷ್ಟು, ಯೀಸ್ಟ್ ಸಹ ಬೆಳೆಯವು. ಬೆಳೆಯುವುದಿಲ್ಲವೆಂದರೆ ಸತ್ತಿದೆ ಎಂದಲ್ಲ. ಹೊಟ್ಟೆಯ ಸೋಂಕು ತರುವ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಒಣ ಆಹಾರದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ನೆಲಕ್ಕೆ ಬಿದ್ದ ಹಣ್ಣನ್ನು ಕೊಳ್ಳಬಾರದೆಂಬ, ತೊಳೆಯುವ ಹಂತದಲ್ಲಿ ಎಳ್ಳಷ್ಟೂ ಉದಾಸೀನ ಮಾಡಬಾರದೆಂಬ ಹಟಕ್ಕೆ ಇದೇ ಆಧಾರ.

ಬಣ್ಣದ ಪ್ರಶ್ನೆ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಹಣ್ಣನ್ನು ಕತ್ತರಿಸಿದಾಗ ಜೀವಕೋಶಗಳು ಒಡೆದು, ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ, ಹಣ್ಣಿನಲ್ಲಿ ಸಹಜವಾಗಿಯೇ ಇರುವ ಪಾಲಿಫಿನಾಲ್ ಎಂಬ ಸಂಯುಕ್ತಗಳೂ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವೂ ಗಾಳಿಯ ಆಮ್ಲಜನಕದ ಜೊತೆ ಸೇರುತ್ತವೆ, ತಿರುಳು ಕಂದಾಗುತ್ತದೆ. ಜಜ್ಜಿದ ಸೇಬಿನ ಮಚ್ಚೆಯೂ ಕತ್ತರಿಸಿಟ್ಟ ಸೇಬಿನ ಕಂದೂ ಒಂದೇ ಕ್ರಿಯೆಯ ಫಲ. ನಿಂಬೆರಸ ಅಥವಾ ವಿಟಮಿನ್ ಸಿ ಬೆರೆಸಿದ ನೀರಿನಲ್ಲಿ ಅದ್ದಿದರೆ ಇದು ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಸಲ್ಫರ್ ಡೈಆಕ್ಸೈಡ್ ಬಳಸಿದರೆ ಬಣ್ಣ ಹೊಳೆಯುತ್ತಲೇ ಉಳಿಯುತ್ತದೆ. ಅಂಗಡಿಗಳಲ್ಲಿ ಕಾಣುವ ಒಣ ಏಪ್ರಿಕಾಟಿನ ಕಿತ್ತಳೆ ಬಣ್ಣಕ್ಕೆ ಅದೇ ಕಾರಣ, ಅದಿಲ್ಲದಿದ್ದರೆ ಅವು ಗಾಢ ಕಂದು. ಅದರ ಬಳಕೆ ನಿಯಮಬದ್ಧವಾಗಿದೆ, ಕಿಲೋಗ್ರಾಮಿಗೆ 10 ಮಿಲಿಗ್ರಾಂ ತಲುಪಿದರೆ ಲೇಬಲ್ಲಿನಲ್ಲಿ ಹೇಳಬೇಕೆಂಬ ಕಟ್ಟಳೆ ಹಲವು ದೇಶಗಳಲ್ಲಿದೆ, ಏಕೆಂದರೆ ಆಸ್ತಮಾ ಇರುವ ಕೆಲವರಿಗೆ ಅದು ತೊಂದರೆ ಕೊಡುತ್ತದೆ. ನಾವು ಅದನ್ನು ಬಳಸುವುದಿಲ್ಲ. ಸುರಕ್ಷತೆಯ ಕಾರಣಕ್ಕಿಂತ ಇನ್ನೊಂದು ಕಾರಣ ನನಗೆ ದೊಡ್ಡದು: ನೋಟ ಕೆಟ್ಟಿದೆಯೆಂದು ಹೊರತಳ್ಳಿದ ಹಣ್ಣನ್ನು ತಂದು, ಮತ್ತೆ ಅದರ ನೋಟಕ್ಕೋಸ್ಕರವೇ ರಾಸಾಯನಿಕದ ಮೊರೆ ಹೋದರೆ, ಹಣ್ಣು ಹೀಗೆಯೇ ಕಾಣಬೇಕೆಂಬ ಪಟ್ಟನ್ನು ತೋಟದಿಂದ ಪ್ಯಾಕೆಟ್ಟಿಗೆ ಸಾಗಿಸಿದಂತಾಯಿತೇ ಹೊರತು ಬೇರೇನೂ ಬದಲಾಗಲಿಲ್ಲ. ಕಂದು ಬಣ್ಣದ ಹೋಳನ್ನು ಗ್ರಾಹಕರಿಗೆ ಒಪ್ಪಿಸುವುದು ಕಷ್ಟ, ಹಾಗಿದ್ದೂ ಆ ಕಷ್ಟವನ್ನು ಪಡಲೇಬೇಕು.

ಆರೋಗ್ಯಕರ ಎಂಬ ಮಾತಿಗೆ ಬರುತ್ತೇನೆ. ಒಣಗಿಸಿದಾಗ ನೀರು ಹೋಗುತ್ತದೆ, ಸಕ್ಕರೆ ಹೋಗುವುದಿಲ್ಲ. 100 ಗ್ರಾಂ ತಾಜಾ ಸೇಬಿನಲ್ಲಿ ಸುಮಾರು 10 ಗ್ರಾಂ ಸಕ್ಕರೆಯಿದ್ದರೆ ಒಣ ಸೇಬಿನಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಸಕ್ಕರೆಯದೇ. ನಾರು, ಪೊಟ್ಯಾಸಿಯಮ್ ಉಳಿಯುತ್ತವೆ. ವಿಟಮಿನ್ ಸಿ ಬಹುಪಾಲು ನಷ್ಟವಾಗುತ್ತದೆ. ತಾಜಾ ಹಣ್ಣು ಹೊಟ್ಟೆ ತುಂಬಿಸಿ ತಾನೇ ಸಾಕೆನಿಸುವಂತೆ ಒಣ ಹಣ್ಣು ಮಾಡುವುದಿಲ್ಲ, ಅದಲ್ಲದೆ ಅದು ಹಲ್ಲಿಗೆ ಅಂಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರ ಮಾರ್ಗಸೂಚಿಯಲ್ಲಿ, ಮುಕ್ತ ಸಕ್ಕರೆಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆಯಿರಬೇಕೆಂದೂ ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದೆಂದೂ ಹೇಳಿತು. ಬೆರೆಸಿದ ಸಕ್ಕರೆ, ಜೇನು, ಸಿರಪ್ಪು, ಹಣ್ಣಿನ ರಸ ಮತ್ತು ಸಾಂದ್ರ ರಸದಲ್ಲಿರುವುದೆಲ್ಲ ಈ ಲೆಕ್ಕಕ್ಕೆ ಬರುತ್ತದೆ; ಇಡಿಯಾದ ಹಣ್ಣಿನೊಳಗಿನ ಸಕ್ಕರೆ ಬರುವುದಿಲ್ಲ. ಹಾಗಾದರೆ ಅರೆದು ಮಾಡಿದ ಹಾಳೆಯ ಕಥೆಯೇನು? ಬ್ರಿಟನ್ನಿನಲ್ಲಿ 2018ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯು ಹಣ್ಣಿನ ಪ್ಯೂರಿಯ ಸಕ್ಕರೆಯನ್ನೂ ಮುಕ್ತ ಸಕ್ಕರೆಯೆಂದೇ ಎಣಿಸುತ್ತದೆ, ಏಕೆಂದರೆ ಅರೆದಾಗ ಜೀವಕೋಶಗಳ ಗೋಡೆ ಒಡೆಯುತ್ತದೆ. ಒಣಗಿಸಿದ ಇಡಿ ಬಿಲ್ಲೆಗೆ ಅದು ಅನ್ವಯಿಸುವುದಿಲ್ಲ. ಅದೇ ತೋಟದ, ಅದೇ ಸೇಬಿನ ಎರಡು ತಿನಿಸುಗಳು ಪೌಷ್ಟಿಕತೆಯ ಲೆಕ್ಕದಲ್ಲಿ ಬೇರೆಯಾಗಿಬಿಡುತ್ತವೆ.

ಇದನ್ನು ಮುಚ್ಚಿಟ್ಟು ವ್ಯಾಪಾರ ಮಾಡಲು ಬರುತ್ತದೆ, ಅನೇಕರು ಮಾಡುತ್ತಲೂ ಇದ್ದಾರೆ. ಹಾಳೆ ಹುಳಿಯಾಯಿತೆಂದು ಸಾಂದ್ರ ದ್ರಾಕ್ಷಿರಸ ಸುರಿದು, ಆಮೇಲೆ ಸಕ್ಕರೆ ಬೆರೆಸಿಲ್ಲವೆಂದು ದೊಡ್ಡಕ್ಷರದಲ್ಲಿ ಬರೆಯುವುದು ನನ್ನ ಮಟ್ಟಿಗೆ ವಂಚನೆ. ಕೋಡೆಕ್ಸ್ ಮಾರ್ಗಸೂಚಿಯೂ ಸಕ್ಕರೆಗೆ ಬದಲಾಗಿ ಅಂಥ ಸಾಮಗ್ರಿ ಬಳಸಿದರೆ ಆ ಮಾತು ಬರೆಯಕೂಡದೆಂದೇ ಹೇಳುತ್ತದೆ. ಹಣ್ಣಿನ ಹುಳಿ ಹುಳಿಯಾಗಿಯೇ ಇರಲಿ, ಅದನ್ನು ಇಷ್ಟಪಡುವವರಿದ್ದಾರೆ. ಪ್ಯಾಕೆಟ್ಟಿನ ತೂಕವನ್ನು 30 ಗ್ರಾಂ ಆಸುಪಾಸಿನಲ್ಲಿ ಇಡುವುದು, ಹಾಳೆಗಿಂತ ಬಿಲ್ಲೆಗೆ ಹೆಚ್ಚು ಜಾಗ ಕೊಡುವುದು, ಬೀಜ ಮತ್ತು ಕಾಯಿಪಲ್ಲೆಯ ನಾರಿನೊಂದಿಗೆ ಹಣ್ಣನ್ನು ಸೇರಿಸಿ ಸಕ್ಕರೆಯ ಪಾಲನ್ನು ಇಳಿಸುವುದು, ಊಟದ ಜೊತೆಗೆ ತಿಂದರೆ ಹಲ್ಲಿಗೆ ಒಳ್ಳೆಯದೆಂದು ಸ್ಪಷ್ಟವಾಗಿ ಬರೆಯುವುದು: ಇವೆಲ್ಲ ಮಾರಾಟವನ್ನು ಏರಿಸುವ ಉಪಾಯಗಳಲ್ಲ, ಆದರೆ ಮಗುವಿನ ಕೈಗೆ ಈ ಪ್ಯಾಕೆಟ್ ಕೊಡುವ ತಾಯಿ ನಮ್ಮನ್ನು ನಂಬಿ ಕೊಡುತ್ತಾಳೆ ಎಂಬುದನ್ನು ನಾನು ಮರೆಯಲಾರೆ.

ಇನ್ನು ಬೆಳೆಗಾರರ ಪ್ರಶ್ನೆ. ಹೇಗೂ ಎಸೆಯುವ ಹಣ್ಣಲ್ಲವೇ, ಸಾಗಣೆ ಖರ್ಚು ಕೊಟ್ಟು ತಂದರೆ ಸಾಕು ಎಂಬ ಸಲಹೆ ಕೊಡುವವರಿದ್ದಾರೆ. ಈ ಸಲಹೆ ಅನ್ಯಾಯದ್ದು, ವ್ಯಾಪಾರದ ದೃಷ್ಟಿಯಿಂದಲೂ ಕೆಟ್ಟದ್ದು. ಬೆಲೆಯಿಲ್ಲದ ಹಣ್ಣನ್ನು ಯಾರೂ ಜೋಪಾನ ಮಾಡುವುದಿಲ್ಲ: ಅದನ್ನು ಕ್ರೇಟಿಗೆ ಎಸೆಯುತ್ತಾರೆ, ಬಿಸಿಲಲ್ಲಿ ಬಿಡುತ್ತಾರೆ, ಕೊಳೆತದ್ದರ ಜೊತೆ ಬೆರೆಸುತ್ತಾರೆ. ಕೊಯ್ಯುವವರ ಕೂಲಿ, ತೋಟದಲ್ಲಿಯೇ ಒಂದು ಸಲ ವಿಂಗಡಿಸುವ ಹೊತ್ತು, ನೆರಳಿನಲ್ಲಿ ಇಡುವ ಶ್ರಮ, ಇವೆಲ್ಲಕ್ಕೆ ತಗಲುವಷ್ಟನ್ನಾದರೂ ಮೀರಿದ ಬೆಲೆಯನ್ನು ಸುಗ್ಗಿಗೆ ಮೊದಲೇ ಮಾತನಾಡಿಕೊಂಡರೆ, ಬರುವ ಹಣ್ಣೇ ಬೇರೆಯಾಗಿರುತ್ತದೆ. ತೋಟದಲ್ಲಿ ಕೊಟ್ಟ ಆ ಹೆಚ್ಚಿನ ಹಣ ಕತ್ತರಿಸುವ ಕೋಣೆಯಲ್ಲಿ ಉಳಿಯುತ್ತದೆ.

ಬೆಳೆಗಾರರೊಡನೆ ಮಾತಿಗೆ ಕೂತಾಗ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ, ಮತ್ತು ಅದರ ಉತ್ತರ ನಮಗೆ ಪ್ರಿಯವಾಗದಿರಬಹುದು: ನಾವು ಕೊಳ್ಳದಿದ್ದರೆ ಈ ಹಣ್ಣು ಎಲ್ಲಿಗೆ ಹೋಗುತ್ತಿತ್ತು? ಸೇಬು, ಕಿತ್ತಳೆ, ದ್ರಾಕ್ಷಿಯಂಥವುಗಳ ಕೆಳದರ್ಜೆಯನ್ನು ರಸದ ಕಾರ್ಖಾನೆಗಳು ಬಹಳ ಹಿಂದಿನಿಂದಲೂ ಕೊಳ್ಳುತ್ತಿವೆ. ಅಲ್ಲಿಗೆ ಹೋಗುವುದನ್ನು ನಾವು ನಾಲ್ಕು ಕಾಸು ಹೆಚ್ಚು ಕೊಟ್ಟು ತಂದರೆ ಬೆಳೆಗಾರರಿಗೆ ಅನುಕೂಲವಾಗುತ್ತದೆ, ಅದು ಒಳ್ಳೆಯ ಕೆಲಸವೇ; ಆದರೆ ಪೋಲಾಗುವುದನ್ನು ಉಳಿಸಿದೆವು ಎಂದು ಹೇಳಿಕೊಳ್ಳುವ ಹಕ್ಕು ನಮಗೆ ಬರುವುದಿಲ್ಲ. ಕಸದ ರಾಶಿಯಲ್ಲಿ ಗಾಳಿಯಾಡದೆ ಕೊಳೆತು ಮೀಥೇನ್ ಆಗುವ ಹಣ್ಣಿಗೂ, ತೋಟದ ಮಣ್ಣಿಗೇ ಮರಳಿ ಗೊಬ್ಬರವಾಗುವ ಹಣ್ಣಿಗೂ, ದನದ ಮೇವಾಗುವ ಹಣ್ಣಿಗೂ ವ್ಯತ್ಯಾಸವಿದೆ. ಎಲ್ಲವನ್ನೂ ಒಂದೇ ಮೊತ್ತವಾಗಿ ಕೂಡಿ ಇಷ್ಟು ಟನ್ ಹಣ್ಣನ್ನು ರಕ್ಷಿಸಿದೆವೆಂದು ಸಾರುವುದು ಸರಿಯಲ್ಲ. ಪ್ಯಾಕೆಟ್ಟಿನ ಬಗ್ಗೆಯೂ ಇದೇ ಪ್ರಾಮಾಣಿಕತೆ ಬೇಕು: ಗರಿಗರಿಯಾದ ಬಿಲ್ಲೆಯನ್ನು ತಿಂಗಳುಗಟ್ಟಲೆ ಕಾಪಾಡುವ, ತೇವವನ್ನೂ ಆಮ್ಲಜನಕವನ್ನೂ ತಡೆಯುವ ಹಲವು ಪದರಗಳ ಪ್ಯಾಕಿಂಗ್ ಹೊದಿಕೆಯನ್ನು ಮರುಬಳಕೆಗೆ ಒಳಪಡಿಸುವುದು ಕಷ್ಟ. ಬಾಳಿಕೆಯನ್ನು ತುಸು ಕಡಿಮೆ ಮಾಡಿಕೊಂಡು ಒಂದೇ ವಸ್ತುವಿನ ಪ್ಯಾಕೆಟ್ಟಿಗೆ ಬದಲಾಗುವುದು ಹತ್ತಿರದ ಮಾರುಕಟ್ಟೆಗಳಿಗಾದರೂ ಸಾಧ್ಯವಿದೆ.

ಹಣ್ಣಿನ ಕುಂದನ್ನು ಗ್ರಾಹಕರಿಗೆ ಹೇಳಬೇಕೇ ಬೇಡವೇ ಎಂಬ ಚರ್ಚೆಗೆ ಇತಿಹಾಸದಲ್ಲಿ ಎರಡು ಉತ್ತರಗಳಿವೆ. 2014ರಲ್ಲಿ ಫ್ರಾನ್ಸಿನ ಇಂಟರ್‌ಮಾರ್ಶೆ ಎಂಬ ಅಂಗಡಿ ಸರಣಿ ಕುರೂಪಿ ಹಣ್ಣು ತರಕಾರಿಗಳನ್ನು ಕುರೂಪವೆಂದೇ ಜಾಹೀರು ಮಾಡಿ ಶೇ. 30 ಕಡಿಮೆ ಬೆಲೆಗೆ ಮಾರಿತು, ಜಗತ್ತಿನ ಗಮನ ಸೆಳೆಯಿತು. ಅದಕ್ಕೂ ಬಹಳ ಮೊದಲು, 1986ರಲ್ಲಿ, ಕ್ಯಾಲಿಫೋರ್ನಿಯಾದ ಮೈಕ್ ಯುರೋಸೆಕ್ ಎಂಬ ಕ್ಯಾರೆಟ್ ಬೆಳೆಗಾರರು ಸೊಟ್ಟಗೆ, ಮುರಿದು ಬಿಸಾಡಬೇಕಾಗಿದ್ದ ಕ್ಯಾರೆಟ್ಟುಗಳನ್ನು ಬೀನ್ಸ್ ಕತ್ತರಿಸುವ ಯಂತ್ರದಲ್ಲಿ ತುಂಡುಮಾಡಿ, ಸಿಪ್ಪೆ ಹೆರೆದು, ಬೆರಳುದ್ದದ ಪುಟ್ಟ ಕ್ಯಾರೆಟ್ಟುಗಳಾಗಿ ಮಾರಿದರು. ಕೊಂಡವರು ಮರುಕದಿಂದ ಕೊಳ್ಳಲಿಲ್ಲ. ತೊಳೆದು ಹೆರೆದು ತಿನ್ನಲು ಸಿದ್ಧವಾಗಿದ್ದುದರಿಂದ ಕೊಂಡರು. ನನಗೆ ಯುರೋಸೆಕ್ ಅವರ ದಾರಿ ಹೆಚ್ಚು ಗಟ್ಟಿಯೆನಿಸುತ್ತದೆ. ಕತ್ತರಿಸಿ ಒಣಗಿಸಿದ ಮೇಲೆ ಮೂಲ ಹಣ್ಣಿನ ಸೊಟ್ಟು ಯಾರಿಗೂ ಕಾಣುವುದಿಲ್ಲ. ಕರುಣೆಯಿಂದ ಒಮ್ಮೆ ಕೊಂಡವರು ರುಚಿಯಿಲ್ಲದಿದ್ದರೆ ಎರಡನೆಯ ಸಲ ಬರುವುದಿಲ್ಲ. ಕುಂದಿನ ವಿಷಯವನ್ನು ಮುಚ್ಚಿಡಬೇಕಿಲ್ಲ, ಹಿಂಬದಿಯಲ್ಲಿ ಎರಡು ಸಾಲಿನಲ್ಲಿ ಹೇಳಿದರೆ ಸಾಕು, ಮುಂಬದಿಯಲ್ಲಿ ಹಣ್ಣಿನ ರುಚಿ ಮಾತನಾಡಲಿ.

ಆದರೆ ಅದೇ ಕ್ಯಾರೆಟ್ಟಿನ ಮುಂದಿನ ಅಧ್ಯಾಯ ನನ್ನನ್ನು ಎಚ್ಚರಿಸುತ್ತದೆ. ಪುಟ್ಟ ಕ್ಯಾರೆಟ್ಟಿಗೆ ಬೇಡಿಕೆ ಎಷ್ಟು ಬೆಳೆಯಿತೆಂದರೆ, ಉದ್ದಕ್ಕೆ ತೆಳ್ಳಗೆ ಬೆಳೆಯುವ ತಳಿಗಳನ್ನು ಅದಕ್ಕಾಗಿಯೇ ಒತ್ತೊತ್ತಾಗಿ ಬಿತ್ತಿ ಬೆಳೆಯುವುದು ರೂಢಿಯಾಯಿತು. ತಿರಸ್ಕೃತವಾದುದನ್ನು ಬಳಸುವ ಉಪಾಯವೇ ಒಂದು ಮುಖ್ಯ ಬೆಳೆಯಾಗಿ ನಿಂತಿತು. ಕ್ಯಾರೆಟ್ ವ್ಯಾಪಾರದ ಮಟ್ಟಿಗೆ ಇದರಲ್ಲಿ ತಪ್ಪೇನಿಲ್ಲ. ನಮ್ಮಂಥ ಉದ್ದಿಮೆಗೆ ಮಾತ್ರ ಇದು ನೇರವಾದ ಪ್ರಶ್ನೆ. ಆಲಿಕಲ್ಲು ಬೀಳದೆ, ಬಿಸಿಲು ಹದವಾಗಿದ್ದು, ತೋಟದ ಹಣ್ಣೆಲ್ಲ ಮೊದಲ ದರ್ಜೆಗೇ ಹೋದ ವರ್ಷ ನಾವೇನು ಮಾಡಬೇಕು? ಬೆಳೆಗಾರರಿಗೆ ಅದು ಹಬ್ಬದ ವರ್ಷ, ಅವರ ಜೊತೆ ನಾವೂ ಸಂತೋಷಪಡಬೇಕು. ಆದರೆ ದೊಡ್ಡ ಅಂಗಡಿಗೆ ತಿಂಗಳಿಗಿಷ್ಟು ಪೆಟ್ಟಿಗೆ ಎಂದು ಮಾತು ಕೊಟ್ಟಿದ್ದರೆ, ಆ ಮಾತು ಉಳಿಸಿಕೊಳ್ಳಲು ಒಳ್ಳೆಯ ಹಣ್ಣನ್ನೇ ಕೊಂಡು ಕತ್ತರಿಸಬೇಕಾಗುತ್ತದೆ, ಪ್ಯಾಕೆಟ್ಟಿನ ಹಿಂಬದಿಯ ಎರಡು ಸಾಲು ಸುಳ್ಳಾಗುತ್ತದೆ.

ಇದಕ್ಕೆ ನಾನು ಕಂಡುಕೊಂಡಿರುವ ವ್ಯವಸ್ಥೆ ಸರಳವಾದದ್ದು, ಲಾಭದಾಯಕವೇನಲ್ಲ. ಬಿಲ್ಲೆ, ಹೋಳು, ಹಾಳೆ ಎಂದು ತಿನಿಸಿನ ರೂಪವನ್ನು ಹೆಸರಿಸಿ ಮಾರುತ್ತೇವೆ, ಒಳಗೆ ಯಾವ ಹಣ್ಣು ಎಂಬುದು ಋತುವಿಗೆ ತಕ್ಕಂತೆ ಬದಲಾಗುತ್ತದೆ ಎಂದು ಮೊದಲೇ ತಿಳಿಸುತ್ತೇವೆ, ಪ್ರತಿ ಬ್ಯಾಚಿನ ಪದಾರ್ಥಗಳ ಪಟ್ಟಿಯನ್ನು ಹೊಸದಾಗಿ ಅಚ್ಚು ಹಾಕುತ್ತೇವೆ. ಸುಗ್ಗಿಯಲ್ಲಿ ಒಮ್ಮೆಲೇ ಬಂದುಬೀಳುವ ಮಾಗಿದ ಹಣ್ಣಿನ ತಿರುಳನ್ನು ಬಿಸಿಮಾಡಿ, ಮೈನಸ್ 18 ಡಿಗ್ರಿಯಲ್ಲಿ ಇಟ್ಟುಕೊಂಡು, ಹಣ್ಣಿಲ್ಲದ ತಿಂಗಳುಗಳಲ್ಲಿ ಹಾಳೆ ಮಾಡುತ್ತೇವೆ. ನಿಗದಿತ ಪ್ರಮಾಣವನ್ನು ವರ್ಷಪೂರ್ತಿ ಕೊಡಲೇಬೇಕೆಂಬ ಷರತ್ತಿನ ಒಪ್ಪಂದಗಳಿಗೆ ಸಹಿ ಹಾಕುವುದಿಲ್ಲ. ಹಾಗಾಗಿ ಕೆಲವು ದೊಡ್ಡ ಅಂಗಡಿಗಳ ಬಾಗಿಲು ನಮಗೆ ತೆರೆದಿಲ್ಲ. ಹಣ್ಣು ಕಡಿಮೆ ಬಂದ ವರ್ಷ ಡ್ರೈಯರ್ ಹಲವು ವಾರ ಖಾಲಿ ನಿಲ್ಲುತ್ತದೆ, ಆ ಅವಧಿಯ ಬಾಡಿಗೆಯನ್ನೂ ಕೆಲಸಗಾರರ ಸಂಬಳವನ್ನೂ ಉಳಿದ ವರ್ಷಗಳ ಪ್ಯಾಕೆಟ್ಟಿನ ಬೆಲೆಯಲ್ಲಿಯೇ ಸೇರಿಸಿಕೊಂಡಿರಬೇಕಾಗುತ್ತದೆ. ನಮ್ಮ ಪ್ಯಾಕೆಟ್ಟು ಪಕ್ಕದ ಪ್ಯಾಕೆಟ್ಟಿಗಿಂತ ಏಕೆ ದುಬಾರಿ ಎಂದು ಕೇಳುವ ಗ್ರಾಹಕರಿಗೆ ನಾನು ಕೊಡುವ ವಿವರಣೆಯಲ್ಲಿ ಈ ಖಾಲಿ ವಾರಗಳ ಲೆಕ್ಕವೂ ಇದೆ.